ಭಂಡಾರದ ಕೀಲಿಕೈ ಯಾರಿಗೆ?

(ಅಮಾವಾಸ್ಯೆಯ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಇಂದು ಅಮಾವಾಸ್ಯೆ. ಎತ್ತಿನ ಹೆಗಲಿಗೂ ಇಂದು ಬಿಡುವು. ಎಂದಿನಂತೆ ತಾವೆಲ್ಲ ಶಿವಾನುಭವಕ್ಕೆ ಕೂಡಿದ್ದೀರಿ. ಆದರೆ ಇಂದಿನ ಸಭೆ ಎಂದಿನದಕ್ಕಿಂತ ಹಿರಿದಾಗಿದೆ. ನಮ್ಮ ಪ್ರವಚನದ ಮಹಿಮೆಯಿಂದ ಹೀಗಾಯಿತೆಂದು ನಾವು ಭ್ರಮಿಸುವುದಿಲ್ಲ. ನಾಳೆ ಮುಂಜಾನೆ ಪ್ರಸಾದವಾದ ಮೇಲೆ ಶ್ರೀಮಠದ ದಾಸೋಹ ಭಂಡಾರಕ್ಕೂ ಮಕ್ಕಳ ಪ್ರಸಾದ ನಿಲಯಕ್ಕೂ ಹೊಸ ಮಂಡಳಿಯನ್ನು ಆರಿಸುವುದಿದೆ. ಅದಕ್ಕಾಗಿ ಊರೂರಿನ ಹಿರಿಯರು ಇಂದೇ ಬಂದು ಇಳಿದುಕೊಂಡಿದ್ದೀರಿ.

ಕಳೆದ ಎಂಟು ದಿನಗಳಿಂದ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ಭಕ್ತರು ನಮ್ಮ ಬಳಿಗೆ ಬರುತ್ತಿದ್ದಾರೆ. ಬಂದವರೆಲ್ಲರ ಮಾತೂ ಒಂದೇ: "ಅಪ್ಪಾವರೇ, ತಾವೊಂದು ಹೆಸರು ಅಪ್ಪಣೆ ಕೊಡಿಸಿರಿ, ನಾವು ಒಪ್ಪಿಕೊಳ್ಳುತ್ತೇವೆ." ಹೀಗೆ ಕೇಳುವವರು ಮನಸ್ಸಿನಲ್ಲಿ ಒಂದು ಹೆಸರನ್ನು ಮೊದಲೇ ಇಟ್ಟುಕೊಂಡು ಬಂದಿರುತ್ತಾರೆ. ಆ ಹೆಸರು ನಮ್ಮ ಬಾಯಿಂದ ಬಂದರೆ ಅಪ್ಪಣೆ. ಬೇರೊಂದು ಬಂದರೆ ಅಪ್ಪಾವರಿಗೆ ಯಾರೋ ಕಿವಿಯೂದಿದ್ದಾರೆ! ಆದುದರಿಂದ ನಾವು ಯಾರ ಹೆಸರನ್ನೂ ಹೇಳುವುದಿಲ್ಲ. ಮುಂದಾಳಾಗುವವನಲ್ಲಿ ಯಾವ ಲಕ್ಷಣಗಳಿರಬೇಕೆಂದು ನಮ್ಮ ಶರಣರ ಶಾಸ್ತ್ರ ಹೇಳುತ್ತದೆಯೋ ಅವನ್ನು ಇಂದು ತಮ್ಮ ಮುಂದೆ ಇಡುತ್ತೇವೆ. ಒರೆಗಲ್ಲನ್ನು ಕೊಡುವುದು ನಮ್ಮ ಕೆಲಸ. ಬಂಗಾರವನ್ನು ತಿಕ್ಕಿ ನೋಡುವುದು ತಮ್ಮ ಕೆಲಸ.

ಮೊದಲು ಶಬ್ದಗಳನ್ನು ವಿಚಾರಿಸೋಣ. ಸಂಸ್ಕೃತದಲ್ಲಿ 'ನೀ' ಎಂಬ ಧಾತುವಿದೆ. ಕರೆದೊಯ್ಯುವುದು, ಮುನ್ನಡೆಸುವುದು ಎಂದು ಅದರ ಅರ್ಥ. ನಾಯಕ ಎಂಬ ಶಬ್ದ ಹುಟ್ಟಿದ್ದು ಇದರಿಂದ. ನೇತಾರ ಎಂಬುದೂ ಇದರಿಂದಲೇ. ಇದೇ ಧಾತುವಿನಿಂದ ಇನ್ನೊಂದು ಶಬ್ದವೂ ಬಂದಿದೆ: ನೇತ್ರ. ದೇಹವನ್ನು ದಾರಿಯಲ್ಲಿ ನಡೆಸುವುದು ಕಣ್ಣು. ಸಮಾಜವನ್ನು ದಾರಿಯಲ್ಲಿ ನಡೆಸುವವನು ನೇತಾರ. ಆದುದರಿಂದ ನಾಯಕನಾದವನಿಗೆ ಕಣ್ಣಿನ ಗುಣ ಇರಬೇಕು. ಕಣ್ಣಿಗೆ ಒಂದು ಕೊರತೆಯೂ ಇದೆ. ಅದು ಜಗತ್ತನ್ನೆಲ್ಲ ನೋಡುತ್ತದೆ, ತನ್ನನ್ನು ಮಾತ್ರ ನೋಡಿಕೊಳ್ಳಲಾರದು. ಅದಕ್ಕೆ ಕನ್ನಡಿ ಬೇಕು. ಈ ಮಾತನ್ನು ನೆನಪಿನಲ್ಲಿಡಿ, ಮುಂದೆ ಇದಕ್ಕೆ ಮತ್ತೆ ಬರುತ್ತೇವೆ.

ಇನ್ನೊಂದು ಧಾತು 'ಭೃ'. ಹೊರುವುದು, ಪೋಷಿಸುವುದು ಎಂದು ಇದರ ಅರ್ಥ. ಭರ್ತೃ ಎಂದರೆ ಒಡೆಯ. ಭೃತ್ಯ ಎಂದರೆ ಆಳು. ನೋಡಿ, ಒಡೆಯನಿಗೂ ಆಳಿಗೂ ಒಂದೇ ಬೇರು! ಲೋಕವು ಇವರಿಬ್ಬರನ್ನು ಎರಡು ತುದಿಗಳಲ್ಲಿ ನಿಲ್ಲಿಸಿತು. ಶರಣರು ಏನು ಮಾಡಿದರು? ನಮಗೆ ಪಂಚಾಚಾರಗಳಿವೆ: ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ. ಈ ಐದರಲ್ಲಿ ಭೃತ್ಯಾಚಾರವೂ ಒಂದೆಂಬುದನ್ನು ಗಮನಿಸಬೇಕು. ಒಡೆಯನಾಗುವ ಆಚಾರವೆಂಬುದು ನಮ್ಮಲ್ಲಿ ಇಲ್ಲವೇ ಇಲ್ಲ. ಅರಸನಾಗಲಿ, ಮಂತ್ರಿಯಾಗಲಿ, ಮಠಾಧಿಪತಿಯಾಗಲಿ, ಲಿಂಗವನ್ನು ಕಟ್ಟಿಕೊಂಡವನು ಶಿವಭಕ್ತರಿಗೆ ಭೃತ್ಯನಾಗಿಯೇ ಬಾಳಬೇಕು. ನಾವು ಇಂದು ಹೇಳುವ ಎಲ್ಲ ಲಕ್ಷಣಗಳೂ ಈ ಒಂದು ಮಾತಿನ ಕವಲುಗಳು.

ಮೊದಲನೆಯ ಲಕ್ಷಣ: ಯಾವುದು ತನ್ನದು, ಯಾವುದು ತನ್ನದಲ್ಲ ಎಂಬ ಅರಿವು.

ಈಶಾವಾಸ್ಯ ಉಪನಿಷತ್ತು ಆರಂಭವಾಗುವುದೇ ಒಡೆತನದ ವಿಚಾರದಿಂದ. ಜಗತ್ತೆಲ್ಲ ಈಶನದೆಂದು ತಿಳಿದ ಮೇಲೆ ಮನುಷ್ಯನ ಪಾಲಿಗೆ ಉಳಿಯುವುದು ಕಾಪಾಡುವ ಹೊಣೆ, ಪ್ರಸಾದವಾಗಿ ಸ್ವೀಕರಿಸುವ ಭಾಗ್ಯ, ಇಷ್ಟೇ. ಈ ತತ್ತ್ವವನ್ನು ಅರಮನೆಯ ಲೆಕ್ಕದ ಪುಸ್ತಕದಲ್ಲಿ ನಡೆಸಿ ತೋರಿಸಿದವರು ಬಸವಣ್ಣನವರು. ಅವರು ಬಾಗೇವಾಡಿಯಲ್ಲಿ ಹುಟ್ಟಿ, ಕೃಷ್ಣಾ ಮಲಪ್ರಭೆಯರ ಸಂಗಮದಲ್ಲಿ ಬೆಳೆದು, ಮಂಗಳವಾಡಕ್ಕೆ ಬಂದು ಕಲಚುರಿ ಬಿಜ್ಜಳನ ಸೇವೆಗೆ ಸೇರಿದರು. ಹೇಗೆ ಸೇರಿದರು? ಕುದುರೆ ಏರಿ, ಕತ್ತಿ ಹಿಡಿದು ಸೇರಲಿಲ್ಲ. ಲೆಕ್ಕ ಬರೆಯುವ ಕರಣಿಕರ ನಡುವೆ ಕುಳಿತು ಸೇರಿದರು. ಹರಿಹರ ಕವಿ ತನ್ನ ಬಸವರಾಜದೇವರ ರಗಳೆಯಲ್ಲಿ ಈ ಕಥೆಯನ್ನು ಹೇಳಿದ್ದಾನೆ. ಲೆಕ್ಕದಲ್ಲಿದ್ದ ತಪ್ಪನ್ನು ಎತ್ತಿ ತೋರಿಸಿದ ತರುಣನು ಕ್ರಮೇಣ ಆ ರಾಜ್ಯದ ಭಂಡಾರಿಯಾದನು. ಅವರ ಭಕ್ತಿಯ ಹಿರಿಮೆಯನ್ನು ಹೇಳುವಾಗಲೂ ನಮ್ಮ ಹಿರಿಯರು ಈ ಪದವನ್ನು ಬಿಡಲಿಲ್ಲ. ಭಕ್ತಿಭಂಡಾರಿ ಎಂದೇ ಕರೆದರು. ಭಂಡಾರಿ ಎಂದರೆ ಯಾರು? ಕೀಲಿಕೈ ಅವನ ಸೊಂಟದಲ್ಲಿರುತ್ತದೆ. ಆದರೆ ಬೀಗದ ಒಳಗಿನದು ಅವನದಲ್ಲ.

ಅಧಿಕಾರ ಹಿಡಿದವನಿಗೆ ಅಸೂಯೆಪಡುವವರು ಇದ್ದೇ ಇರುತ್ತಾರೆ. ಬಸವಣ್ಣನವರು ಅರಸನ ಹಣವನ್ನು ತೆಗೆದು ಜಂಗಮರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ಬಿಜ್ಜಳನ ಕಿವಿಗೆ ಹಾಕಿದರು. ಬಿಜ್ಜಳನು ಭಂಡಾರವನ್ನು ತೆರೆಸಿ ಎಣಿಸಿದನು. ಒಂದು ಹೊನ್ನೂ ಕಡಿಮೆಯಾಗಿರಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ನಾವು ಈ ಕಥೆಯನ್ನು ಕೇಳಿ, ಪವಾಡವೆಂದು ಕೈಮುಗಿದು ಮನೆಗೆ ಹೋಗುತ್ತೇವೆ. ಇದರಲ್ಲಿ ಪವಾಡಕ್ಕಿಂತ ದೊಡ್ಡ ಪಾಠವಿದೆ. 'ನನ್ನನ್ನೇ ಸಂಶಯಿಸುತ್ತೀರಾ' ಎಂದು ಅವರು ಮುನಿಸಿಕೊಳ್ಳಲಿಲ್ಲ. ಬಾಗಿಲು ತೆರೆದು ನಿಂತರು. ಲೆಕ್ಕ ಕೇಳಿದರೆ ಅವಮಾನವಾಯಿತೆಂದು ಯಾರಿಗೆ ಅನಿಸುತ್ತದೆಯೋ ಅವನ ಕೈಗೆ ಕೀಲಿಕೈ ಕೊಡಬಾರದು.

ಈ ಕಥೆಯ ಪಕ್ಕದಲ್ಲಿ ಇನ್ನೊಂದು ಕಥೆಯನ್ನಿಟ್ಟು ನೋಡಿ. ಕಳ್ಳರು ಬಸವಣ್ಣನವರ ಮನೆಯ ಹಸುಗಳನ್ನು ಹೊಡೆದುಕೊಂಡು ಹೋದರು. ಆಳುಗಳು ಓಡಿ ಬಂದು ಸುದ್ದಿ ತಿಳಿಸಿದರು. ಅವರು ಏನೆಂದರು? ತಾಯಿಗಳು ಹೋದರೆ ಹಿಂದೆ ಉಳಿದ ಕರುಗಳು ಅರಚಿ ಸಾಯುತ್ತವೆ, ಅವನ್ನೂ ಅಟ್ಟಿ ಕೊಟ್ಟು ಬನ್ನಿ ಎಂದರು. ಒಬ್ಬನೇ ಮನುಷ್ಯ! ತನ್ನ ಸ್ವಂತದ್ದನ್ನು ಕಳ್ಳನಿಗೂ ಬಿಟ್ಟುಕೊಟ್ಟನು. ತನಗೆ ಒಪ್ಪಿಸಿದ್ದನ್ನು ಹೊನ್ನು ಹೊನ್ನಾಗಿ ಕಾದನು. ನಮ್ಮ ಕಾಲದಲ್ಲಿ ಇದು ತಲೆಕೆಳಗಾಗಿದೆ. ನಮ್ಮ ಮನೆಯ ಜೋಳವನ್ನು ಸೇರು ಸೇರಾಗಿ ಅಳೆಯುತ್ತೇವೆ. ಊರಿನ ಜೋಳವನ್ನು ಅಂದಾಜಿನಲ್ಲಿ ಬರೆಯುತ್ತೇವೆ. ನೆರೆಯವನ ಎತ್ತು ನಮ್ಮ ಬದುವಿಗೆ ಬಾಯಿ ಹಾಕಿದರೆ ಕೋಲು ಹಿಡಿದು ಓಡುತ್ತೇವೆ. ದಾಸೋಹದ ಕಣಜಕ್ಕೆ ಇಲಿ ಬಿದ್ದರೆ 'ದೇವರ ಪಾಲು ದೇವರು ನೋಡಿಕೊಳ್ಳುತ್ತಾನೆ' ಎನ್ನುತ್ತೇವೆ. ಆ ಇಲಿಗೆ ಕೆಲವೊಮ್ಮೆ ಎರಡೇ ಕಾಲು ಇರುತ್ತದೆ ಎಂಬುದು ಬೇರೆ ಮಾತು!

"ಅಪ್ಪಾವರೇ, ದೇವರ ಕೆಲಸಕ್ಕೆ ಎಂಥ ಲೆಕ್ಕ? ನಂಬಿಕೆ ಇದ್ದರೆ ಸಾಕು" ಎಂದು ಒಬ್ಬ ಹಿರಿಯರು ನಮ್ಮೊಡನೆ ವಾದಿಸಿದರು. ಅವರು ಪ್ರಾಮಾಣಿಕರು. ಆದರೂ ಅವರ ಮಾತು ಸರಿಯಲ್ಲ. ದೇವರ ಕೆಲಸಕ್ಕೇ ಹೆಚ್ಚಿನ ಲೆಕ್ಕ ಬೇಕು. ಏಕೆಂದರೆ ದಾಸೋಹಕ್ಕೆ ಬರುವುದು ಉಳ್ಳವರ ಚೀಲವಷ್ಟೇ ಅಲ್ಲ. ಸುಗ್ಗಿಯಲ್ಲಿ ಕಣದ ಬದಿಗೆ ಉದುರಿದ ತೆನೆಗಳನ್ನು ಆರಿಸಿ, ಬಡಿದು, ಕೇರಿ, ಸೆರಗಿನಲ್ಲಿ ಕಟ್ಟಿಕೊಂಡು ಬಂದು ಒಂದು ಸೇರು ಜೋಳವನ್ನು ಇಲ್ಲಿ ಸುರಿದು ಹೋಗುವ ಮುದುಕಿಯರಿದ್ದಾರೆ. ಆ ಒಂದು ಸೇರಿಗೆ ಲೆಕ್ಕ ಬೇಡವೇ? ನಂಬಿಕೆ ಮತ್ತು ಲೆಕ್ಕ ಒಂದಕ್ಕೊಂದು ವೈರಿಗಳಲ್ಲ. ನಂಬಿಕೆಯು ಬೆಳೆ, ಲೆಕ್ಕವು ಅದಕ್ಕೆ ಹಾಕಿದ ಬೇಲಿ.

ಎರಡನೆಯ ಲಕ್ಷಣ: ಪೀಠವನ್ನು ಕಟ್ಟಿ, ಅದರ ಮೇಲೆ ಇನ್ನೊಬ್ಬರನ್ನು ಕೂರಿಸುವ ಮನಸ್ಸು.

ಕಲ್ಯಾಣದಲ್ಲಿ ಅನುಭವ ಮಂಟಪ ನಡೆಯಿತು. ಅದಕ್ಕೆ ನೆಲೆ ಒದಗಿಸಿದವರು ಬಸವಣ್ಣನವರು. ದೂರದೂರದಿಂದ ಬಂದ ಶರಣರಿಗೆ ಅನ್ನವಿಕ್ಕಿದವರು ಅವರು. ರಾಜಬಲ ಅವರ ಬೆನ್ನಿಗಿತ್ತು. ಲೋಕದ ನ್ಯಾಯದಂತೆ ನೋಡಿದರೆ ಅಲ್ಲಿಯ ಶೂನ್ಯಸಿಂಹಾಸನದ ಮೇಲೆ ಅವರೇ ಕುಳಿತುಕೊಳ್ಳಬಹುದಾಗಿತ್ತು, ಯಾರೂ ಬೇಡವೆನ್ನುತ್ತಿರಲಿಲ್ಲ. ಆದರೆ ಅಲ್ಲಿ ಕುಳಿತವರು ಅಲ್ಲಮಪ್ರಭುದೇವರು. ಅರಮನೆ ಇಲ್ಲದ, ಮನೆಯೂ ಇಲ್ಲದ, ಊರೂರು ಅಲೆಯುವ ಜಂಗಮ! ಅರಿವಿನಲ್ಲಿ ಹಿರಿಯರು ಯಾರೋ ಅವರಿಗೆ ಆಸನ. ಅನುಕೂಲ ಉಳ್ಳವರಿಗೆ ಸೇವೆ. ಇದು ಅಲ್ಲಿಯ ಕ್ರಮವಾಗಿತ್ತು.

ನಾವಾದರೋ ಕುರ್ಚಿ ಕೊಡಿಸಿದವನೇ ಕುರ್ಚಿಯಲ್ಲಿ ಕೂರಬೇಕೆಂದು ತಿಳಿದಿದ್ದೇವೆ. ಶಾಲೆಗೆ ಜಾಗ ಕೊಟ್ಟವನು ಶಾಲೆಯ ಅಧ್ಯಕ್ಷನಾಗಬೇಕು. ಅವನು ಓದಿರಲಿ, ಬಿಡಲಿ. ಕೊಡುವ ಗುಣವೇ ಬೇರೆ, ನಡೆಸುವ ಗುಣವೇ ಬೇರೆ. ಎರಡೂ ಒಬ್ಬನಲ್ಲಿದ್ದರೆ ಸಂತೋಷ. ಇಲ್ಲದಿದ್ದರೆ ಕೊಡುವವನು ಕೊಡಲಿ, ಬಲ್ಲವನು ನಡೆಸಲಿ. ನಾಳೆ ಯಾರ ಹೆಸರು ಬಂದರೂ ಹೀಗೆ ಕೇಳಿ ನೋಡಿ: ಈತನಿಗೆ ಅಧ್ಯಕ್ಷ ಪದವಿ ಸಿಗದಿದ್ದರೆ ಬರುವ ವರ್ಷವೂ ಈತ ಸುಗ್ಗಿಯ ಜೋಳವನ್ನು ಕಳಿಸುವನೇ? ಕಳಿಸುವನೆಂದರೆ ಅದು ದಾಸೋಹ. ಕಳಿಸುವುದಿಲ್ಲವೆಂದರೆ ಇಷ್ಟು ದಿನ ಕೊಟ್ಟದ್ದು ಮುಂಗಡ!

ಮೂರನೆಯ ಲಕ್ಷಣ: ತಿದ್ದಿಸಿಕೊಳ್ಳುವ ಕಿವಿ.

ಕಣ್ಣು ತನ್ನನ್ನು ತಾನು ನೋಡಿಕೊಳ್ಳಲಾರದು ಎಂದು ಆಗಲೇ ಹೇಳಿದೆವು. ನಾಯಕನಿಗೆ ಕನ್ನಡಿ ಯಾರು? ಅವನ ಸುತ್ತ ಇರುವ ಹೊಗಳುಭಟರಂತೂ ಅಲ್ಲ. ಹೆದರದೆ ಮಾತಾಡುವ ಚಿಕ್ಕವರೇ ಅವನ ಕನ್ನಡಿ.

15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯ ಪರಂಪರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಪ್ರಭುದೇವರು ಸಿದ್ಧರಾಮರನ್ನು ಕರೆದುಕೊಂಡು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಂತಿದ್ದಾರೆ. ಒಳಗೆ ಬಸವಣ್ಣನವರು ಲಿಂಗಪೂಜೆಯಲ್ಲಿದ್ದಾರೆ. ತಾವು ಏಳದೆ, ಕರೆದುಕೊಂಡು ಬರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರು. ಪ್ರಭುದೇವರು ಒಳಗೆ ಬರಲಿಲ್ಲ. ಆಗ ತಿದ್ದಿದವರು ಯಾರು? ಚೆನ್ನಬಸವಣ್ಣನವರು. ಅಕ್ಕನ ಮಗ, ವಯಸ್ಸಿನಲ್ಲಿ ಕಿರಿಯರು. ಜಂಗಮವು ಬಾಗಿಲಲ್ಲಿ ನಿಂತಿರುವಾಗ ಒಳಗೆ ನಡೆಯುವ ಪೂಜೆ ಎಂಥದು ಎಂಬುದು ಅವರ ಮಾತಿನ ತಾತ್ಪರ್ಯ. ಬಸವಣ್ಣನವರು 'ನೀನು ಚಿಕ್ಕವನು' ಎನ್ನಲಿಲ್ಲ. 'ನಾನು ಪೂಜೆಯನ್ನೇ ತಾನೇ ಮಾಡುತ್ತಿದ್ದೆ' ಎಂದು ಸಮರ್ಥಿಸಿಕೊಳ್ಳಲೂ ಇಲ್ಲ. ಎದ್ದು ಹೊರಗೆ ಬಂದು ಪ್ರಭುವಿನ ಪಾದಕ್ಕೆ ಎರಗಿದರು. ಪೂಜೆಗೂ ಒಂದು ಮೇರೆಯಿದೆ. ಹಸಿದವನು, ಬಂದವನು, ಕಾದು ನಿಂತವನು ಆ ಮೇರೆ.

ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಮಾತೆಯರೆಲ್ಲ ಬಲ್ಲಿರಿ. ಬಸವಣ್ಣನವರ ಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಗಂಡನನ್ನು ತಡೆದರು: ನಮಗೆ ಸಾಕಾದಷ್ಟನ್ನು ಇಟ್ಟುಕೊಂಡು, ಮಿಕ್ಕದ್ದನ್ನು ಮೊದಲು ಅಲ್ಲಿಯೇ ಸುರಿದು ಬನ್ನಿ ಎಂದರು. ಆ ಹೆಚ್ಚಿನ ಅಕ್ಕಿಯ ಹಿಂದೆ ಬಸವಣ್ಣನವರ ಕೈಯೇ ಇತ್ತು. ಅಂಗಳದಲ್ಲಿ ಬೇಕೆಂದೇ ಚೆಲ್ಲಿಸಿದ್ದರು ಎಂದು ಹೇಳುವವರೂ ಉಂಟು. ಮೋಳಿಗೆಯ ಮಾರಯ್ಯನವರಲ್ಲಿಯೂ ಹೀಗೇ ನಡೆಯಿತು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಂದು ಕಟ್ಟಿಗೆಯ ಹೊರೆ ಮಾರಿ ದಾಸೋಹ ಮಾಡುತ್ತಿದ್ದ ಅವರ ಮನೆಗೆ, ಅವರಿಲ್ಲದ ವೇಳೆಯಲ್ಲಿ ಬಸವಣ್ಣನವರು ಹೋಗಿ, ಅಂಬಲಿಯ ಪ್ರಸಾದ ಸ್ವೀಕರಿಸಿ, ಗುಟ್ಟಾಗಿ ಹೊನ್ನನ್ನು ಇಟ್ಟು ಬಂದರು. ಮಾರಯ್ಯನವರು ಆ ಹೊನ್ನನ್ನು ಮುಟ್ಟಲಿಲ್ಲ, ಜಂಗಮರಿಗೆ ಹಂಚಿಬಿಟ್ಟರು. ಬಡವನಿಗೆ ಕೊಟ್ಟೆನೆಂಬ ಭಾವಕ್ಕೆ ಬಡವನೇ ಉತ್ತರ ಕೊಟ್ಟನು. ಆ ಉತ್ತರವನ್ನು ಮಂತ್ರಿ ತಲೆಬಾಗಿ ಸ್ವೀಕರಿಸಿದನು.

ಇವೆಲ್ಲ ಹಳೆಯ ಕಥೆಗಳೆಂದು ಕೈಬಿಡಬೇಡಿ. ರಾಜ್ಯದ ಭಂಡಾರವನ್ನು ಆಳುವವನನ್ನು ಅಕ್ಕಿ ಆಯುವವರೂ ಕಟ್ಟಿಗೆ ಹೊರುವವರೂ ತಿದ್ದಿದರು. ಅವರ ಮಾತು ಅಲ್ಲಿ ನಡೆಯಿತು. ಕಲ್ಯಾಣವು ಕಲ್ಯಾಣವಾದದ್ದು ಇದರಿಂದ. ಒಬ್ಬ ಮನುಷ್ಯ ಮುಂದಾಳಾಗಲು ಯೋಗ್ಯನೋ ಅಲ್ಲವೋ ತಿಳಿಯಬೇಕಾದರೆ ಅವನ ಗೆಳೆಯರನ್ನು ಕೇಳಬೇಡಿ. ಅವನ ಹೊಲದ ಆಳನ್ನು ಕೇಳಿ: 'ಇವರಿಗೆ ತಪ್ಪಾಯಿತೆಂದು ಎಂದಾದರೂ ಹೇಳಿದ್ದೀಯಾ? ಹೇಳಿದ ಮೇಲೆ ನಿನಗೆ ಕೆಲಸ ಉಳಿಯಿತೇ?'

ನಾಲ್ಕನೆಯ ಲಕ್ಷಣ: ಮಾಡಿದ ಕೆಲಸದ ಮೇಲೆ ತನ್ನ ಹೆಸರನ್ನು ಬರೆಯದಿರುವುದು.

ಸೊನ್ನಲಿಗೆಯ ಸಿದ್ಧರಾಮರು ಸಾಮಾನ್ಯರಲ್ಲ. ಕೆರೆ ಕಟ್ಟಿಸಿದರು, ಗುಡಿ ಕಟ್ಟಿಸಿದರು, ಸಾವಿರಾರು ಕೈಗಳಿಗೆ ಕೆಲಸ ಕೊಟ್ಟರು. ಇಂದಿಗೂ ಸೊಲ್ಲಾಪುರದಲ್ಲಿ ಅವರ ನೆನಪು ಆ ಕೆರೆಯ ನೀರಿನೊಡನೆ ಬೆರೆತಿದೆ. ಅಂಥವರ ಎದುರಿಗೆ ಪ್ರಭುದೇವರು ಬಂದು, ಮಣ್ಣು ಹೊರಿಸುವ ಒಡ್ಡನೆಂದು ಅವರನ್ನು ಕರೆದರು. ಸಿದ್ಧರಾಮರಿಗೆ ಕೋಪ ಬಂದಿತು. ಕೆರೆ ಕಟ್ಟುವುದು ತಪ್ಪೆಂದು ಪ್ರಭುದೇವರು ಹೇಳಲಿಲ್ಲ. ಕೆರೆಯ ನೀರಿನಲ್ಲಿ 'ನಾನು' ಎಂಬುದು ತೇಲುತ್ತಿದ್ದರೆ ಊರಿನ ದಾಹ ತೀರಬಹುದು, ಕಟ್ಟಿದವನ ದಾಹ ತೀರುವುದಿಲ್ಲ ಎಂಬುದನ್ನು ತಿಳಿಸಿದರು. ಸಿದ್ಧರಾಮರ ದೊಡ್ಡತನ ಇಲ್ಲಿದೆ: ಅವರು ಆ ಮಾತನ್ನು ಅರಗಿಸಿಕೊಂಡು ಕಲ್ಯಾಣಕ್ಕೆ ನಡೆದರು.

ಈಗಿನ ಗುಡಿಗಳಿಗೆ ಹೋಗಿ ನೋಡಿ. ಒಂದು ಫ್ಯಾನಿಗೆ ಮೂರು ರೆಕ್ಕೆ. ಮೂರು ರೆಕ್ಕೆಯ ಮೇಲೂ ದಾನಿಯ ಹೆಸರು. ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಅದನ್ನು ಹಾಕಲು ಬಿಡದವರನ್ನೂ ನಾವು ಕಂಡಿದ್ದೇವೆ! ಗಾಳಿಗಾಗಿ ಕೊಟ್ಟ ಫ್ಯಾನು ಹೆಸರಿಗಾಗಿ ನಿಂತಿತು. ಮುಂದಾಳುತನವೂ ಹೀಗೇ. ತಿರುಗುತ್ತಿರುವಾಗ ಹೆಸರು ಕಾಣಬಾರದು, ಗಾಳಿ ಮಾತ್ರ ತಾಕಬೇಕು.

ಐದನೆಯ ಲಕ್ಷಣ, ಇದು ಎಲ್ಲಕ್ಕಿಂತ ಕಠಿಣವಾದದ್ದು: ತತ್ತ್ವಕ್ಕೆ ಪೆಟ್ಟು ಬೀಳುವಾಗ ಪದವಿಯನ್ನು ಇಳಿಸಿ ನಡೆಯುವ ಧೈರ್ಯ.

ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಲಿಂಗ ಕಟ್ಟಿದ ಮೇಲೆ ಇಬ್ಬರೂ ಶರಣರು, ಕುಲ ಎಲ್ಲಿಯದು? ಆದರೆ ಅರಸನ ಆಸ್ಥಾನ ಅದನ್ನು ಸಹಿಸಲಿಲ್ಲ. ಹರಳಯ್ಯ ಮಧುವರಸರಿಗೆ ಘೋರವಾದ ಶಿಕ್ಷೆಯಾಯಿತು. ಆ ಸಂದರ್ಭದಲ್ಲಿ ಬಸವಣ್ಣನವರಿಗೆ ಎರಡು ದಾರಿಗಳಿದ್ದವು. ಆ ಮದುವೆಯನ್ನು ತಪ್ಪೆಂದು ಒಪ್ಪಿ ಪದವಿಯನ್ನು ಉಳಿಸಿಕೊಳ್ಳುವುದು ಒಂದು. ಮದುವೆಯನ್ನು ಸರಿಯೆಂದು ಹೇಳಿ ಪದವಿಯನ್ನು ಬಿಡುವುದು ಇನ್ನೊಂದು. ಅವರು ಎರಡನೆಯದನ್ನು ಆರಿಸಿಕೊಂಡರು. ಕಲ್ಯಾಣವನ್ನು ಬಿಟ್ಟು ಕೂಡಲಸಂಗಮಕ್ಕೆ ನಡೆದರು. ಕ್ರಿ.ಶ. 1167ರ ಸುಮಾರಿಗೆ ಬಿಜ್ಜಳನ ಆಳ್ವಿಕೆ ಮುಗಿಯಿತು, ಕಲ್ಯಾಣ ಚದುರಿತು. ಚೆನ್ನಬಸವಣ್ಣನವರ ಮುಂದಾಳುತನದಲ್ಲಿ ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿನ ಕಡೆಗೆ ಸಾಗಿದರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಓದಿದ ಹುಡುಗರು ನಮ್ಮನ್ನು ಕೇಳಿದ್ದೂ ಉಂಟು: "ಅಪ್ಪಾವರೇ, ಕೊನೆಗೆ ಬಸವಣ್ಣನವರು ಸೋತಂತಾಯಿತಲ್ಲವೇ? ಮಂಟಪ ಉಳಿಯಲಿಲ್ಲ, ಪದವಿ ಉಳಿಯಲಿಲ್ಲ, ಜೊತೆಗಾರರ ಪ್ರಾಣವೂ ಉಳಿಯಲಿಲ್ಲ." ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸಬಾರದು. ಅಂದು ಕಲ್ಯಾಣದ ಬೀದಿಯಲ್ಲಿ ನಿಂತಿದ್ದವನಿಗೆ ಅದು ಸೋಲಾಗಿಯೇ ಕಂಡಿರಬೇಕು. ಶರಣರ ಕಣ್ಣೀರು ಸುಳ್ಳಲ್ಲ, ರಕ್ತವೂ ಸುಳ್ಳಲ್ಲ. ಆದರೆ ಮುಂದಾಳಿನ ಗೆಲುವನ್ನು ಅವನು ಪೀಠದಲ್ಲಿದ್ದಾಗ ಅಳೆಯಲು ಬರುವುದಿಲ್ಲ. ಅವನು ಎದ್ದು ಹೋದ ಮೇಲೆ ಏನು ಉಳಿಯಿತೆಂದು ನೋಡಬೇಕು. ಬಿಜ್ಜಳನ ಭಂಡಾರದ ಒಂದು ಹೊನ್ನೂ ಇಂದು ನಮ್ಮ ಬಳಿ ಇಲ್ಲ. ಅವನ ಭಂಡಾರಿಯ ಮಾತುಗಳು ತಾಳೆಗರಿಯ ಮೇಲೆ, ಬಡವರ ಮನೆಯ ಜಗುಲಿಯ ಮೇಲೆ, ವಿಭೂತಿ ಪತ್ರಿಗಳ ನಡುವೆ ಏಳೂವರೆ ಶತಮಾನ ಉಳಿದವು. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಆ ಕಟ್ಟುಗಳನ್ನು ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರವನ್ನು ಅಚ್ಚು ಹಾಕಿಸಿದರು. ಪದವಿ ಬಿಟ್ಟು ಹೋದವರ ಮಾತು ಉಳಿಯಿತು. ಪದವಿಗೆ ಅಂಟಿಕೊಂಡು ಆ ಮದುವೆಯನ್ನು ತಪ್ಪೆಂದಿದ್ದರೆ ಒಂದು ಗರಿಯನ್ನಾದರೂ ಯಾರು ಕಾಪಾಡುತ್ತಿದ್ದರು?

ಈ ಲಕ್ಷಣಗಳು ಹನ್ನೆರಡನೆಯ ಶತಮಾನಕ್ಕೇ ಮುಗಿದುಹೋದವೆಂದು ತಿಳಿಯಬೇಡಿ. ತುಮಕೂರಿನ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರನ್ನು ನಿಮ್ಮಲ್ಲಿ ಅನೇಕರು ಕಣ್ಣಾರೆ ಕಂಡಿದ್ದೀರಿ. 1930ರಲ್ಲಿ ಕಾವಿ ಧರಿಸಿದರು, 1941ರಲ್ಲಿ ಮಠದ ಹೊಣೆ ಹೊತ್ತರು. ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ತಂದು, ಸಾವಿರಾರು ಮಕ್ಕಳಿಗೆ ಜಾತಿ ಕೇಳದೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟರು. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಆ ಸುದ್ದಿಯನ್ನು ಹೊರಗೆ ತಿಳಿಸಿದ್ದು ಮಕ್ಕಳ ಮಧ್ಯಾಹ್ನದ ಊಟವಾದ ಮೇಲೆ. ಸುದ್ದಿ ತಿಳಿದರೆ ಮಕ್ಕಳು ಅನ್ನ ಬಿಟ್ಟು ಏಳುತ್ತಾರೆಂಬ ಕಾಳಜಿ ಅಲ್ಲಿತ್ತು. ನಾಡೇ ಬಾಗಿಲಲ್ಲಿ ಕಾದು ನಿಂತಿದ್ದರೂ ಮೊದಲ ಪಂಕ್ತಿ ಮಕ್ಕಳದಾಯಿತು. ಭೃತ್ಯಾಚಾರವೆಂದರೆ ಏನೆಂದು ಕೇಳುವವರಿಗೆ ಇದಕ್ಕಿಂತ ಬೇರೆ ಭಾಷ್ಯ ಬೇಕಿಲ್ಲ.

"ಅಪ್ಪಾವರು ನಮಗೆ ಹೇಳುತ್ತಾರೆ, ಇದು ಮಠದವರಿಗೂ ಅನ್ವಯಿಸುತ್ತದೆಯೇ?" ಎಂದು ಹಿಂದೆ ಕುಳಿತ ತರುಣರ ಮನಸ್ಸಿನಲ್ಲಿ ಇರಬಹುದು. ಒಳ್ಳೆಯ ಪ್ರಶ್ನೆ. ಮೊದಲು ಅನ್ವಯಿಸುವುದು ಮಠಕ್ಕೇ. ಕಾವಿ ಹೊದ್ದವನು ಒಡೆಯನೆಂದು ಶಾಸ್ತ್ರ ಎಲ್ಲಿಯೂ ಹೇಳಿಲ್ಲ. ತಾವು ಪಾದಕ್ಕೆ ಎರಗುವುದು ಈ ಶರೀರಕ್ಕಲ್ಲ, ಪೀಠದ ಪರಂಪರೆಗೆ. ಆ ಪರಂಪರೆಯ ಭಂಡಾರಕ್ಕೆ ನಾವೂ ಒಬ್ಬ ಭಂಡಾರಿಯೇ; ಕೀಲಿಕೈಯನ್ನು ಹಿಂದಿನವರು ಕೊಟ್ಟಿದ್ದಾರೆ, ಮುಂದಿನವರಿಗೆ ಕೊಡಬೇಕಾಗಿದೆ. ಆದುದರಿಂದ ನಾಳೆ ಸಭೆ ಆರಂಭವಾದೊಡನೆ ಮೊದಲು ಶ್ರೀಮಠದ ಹೊಲದ ಉತ್ಪನ್ನ, ಭಕ್ತರ ಕಾಣಿಕೆ, ಖರ್ಚು, ಇವುಗಳ ಲೆಕ್ಕವನ್ನು ಓದಲಾಗುವುದು. ಅದಾದ ಮೇಲೆಯೇ ಆಯ್ಕೆ. ಕೇಳುವವರು ಸಂಕೋಚವಿಲ್ಲದೆ ಕೇಳಬೇಕು.

ಇನ್ನು ನಡೆಸಬೇಕಾದ ಕೆಲವು ಕ್ರಮಗಳನ್ನು ಹೇಳಿ ಮುಗಿಸುತ್ತೇವೆ. ಇನ್ನು ಮುಂದೆ ಭಂಡಾರಕ್ಕೆ ಎರಡು ಬೀಗಗಳಿರಲಿ. ಎರಡರ ಕೀಲಿಕೈಗಳು ಎರಡು ಊರಿನವರ ಬಳಿ ಇರಲಿ. ಬಂದ ಚೀಲವನ್ನು ಬಂದ ದಿನವೇ ಕಿರ್ದಿಗೆ ಏರಿಸಬೇಕು. ಒಂದು ಸೇರು ತಂದ ಮುದುಕಿಯ ಹೆಸರೂ ಅದರಲ್ಲಿರಬೇಕು. ಪ್ರತಿ ಅಮಾವಾಸ್ಯೆಯಂದು ಶಿವಾನುಭವಕ್ಕೆ ಮುನ್ನ, ಈ ಮಂಟಪದಲ್ಲಿಯೇ, ತಿಂಗಳ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು. ಮಂಡಳಿಯವರು ದಾಸೋಹದ ಪಂಕ್ತಿಯಲ್ಲಿ ಕೊನೆಗೆ ಕುಳಿತುಕೊಳ್ಳಬೇಕು. ಕೊನೆಗೆ ಕುಳಿತವನಿಗೆ ಸಾರು ತೆಳ್ಳಗಾದದ್ದು ತಾನಾಗಿಯೇ ತಿಳಿಯುತ್ತದೆ. ಬೇರೆ ತಪಾಸಣೆ ಬೇಕಿಲ್ಲ.

ಇನ್ನೊಂದು ಮಾತು. ಸೂರ್ಯ ಹುಟ್ಟುವ ಮುನ್ನ ಎದ್ದು ಈ ದಾಸೋಹಕ್ಕೆ ರೊಟ್ಟಿ ಬಡಿಯುವವರು ತಾಯಂದಿರು. ಯಾವ ಚೀಲದಲ್ಲಿ ಎಷ್ಟು ಹಿಟ್ಟಾಗುತ್ತದೆ, ಎಷ್ಟು ಹಿಟ್ಟಿಗೆ ಎಷ್ಟು ರೊಟ್ಟಿಯಾಗುತ್ತದೆ ಎಂಬುದು ಅವರ ಕೈಗೆ ಗೊತ್ತು. ಭಂಡಾರದ ಮಂಡಳಿಗೆ ಗಂಡಸರೇ ಏಕೆ ಬೇಕು? ಮಾರಯ್ಯನವರ ಮಡಿಲಿನ ಅಕ್ಕಿ ಹೆಚ್ಚಾದದ್ದನ್ನು ಕಂಡುಹಿಡಿದವರು ಲಕ್ಕಮ್ಮನವರು. ಅಂಥ ಕಣ್ಣುಳ್ಳ ಇಬ್ಬರು ತಾಯಂದಿರಾದರೂ ಈ ಮಂಡಳಿಯಲ್ಲಿ ಇರಬೇಕೆಂಬುದು ನಮ್ಮ ಇಚ್ಛೆ. ಹೆಸರನ್ನು ಮಾತ್ರ ನಾವು ಹೇಳುವುದಿಲ್ಲ, ತಾವೇ ಆರಿಸಬೇಕು.

ಕೊನೆಯದಾಗಿ, ನಾಳೆ ಆಯ್ಕೆಯಾಗದವರಿಗೆ ಒಂದು ಮಾತು. ಹತ್ತು ಜನ ಆಯ್ಕೆಯಾದರೆ ನೂರು ಜನ ಉಳಿಯುತ್ತಾರೆ. ಭೃತ್ಯಾಚಾರಕ್ಕೆ ಆಯ್ಕೆ ಬೇಕಾಗಿಲ್ಲ. ಕಸ ಗುಡಿಸಲು, ನೀರು ತುಂಬಲು, ಎಂಜಲೆತ್ತಲು ಯಾವ ಸಭೆಯೂ ಯಾರನ್ನೂ ಸೋಲಿಸಿ ಹೊರಗೆ ಕಳಿಸುವುದಿಲ್ಲ. ಎರಡು ಪಕ್ಷಗಳಾಗಿ ಬಂದವರು ನಾಳೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ ಏಳುವುದಾದರೆ, ಯಾರು ಆಯ್ಕೆಯಾದರೂ ಶ್ರೀಮಠ ಗೆದ್ದಂತೆ. ಬೇರೆ ಬೇರೆ ಬಾಗಿಲಿನಿಂದ ಹೊರಟರೆ, ಯಾರು ಗೆದ್ದರೂ ಆ ಮಕ್ಕಳ ಅನ್ನ ಸೋತಂತೆ. ಪ್ರಸಾದ ನಿಲಯದ ಮಕ್ಕಳು ನಿಮ್ಮ ಪಕ್ಷ ಯಾವುದೆಂದು ಕೇಳುವುದಿಲ್ಲ; ಗಂಟೆ ಬಾರಿಸಿದಾಗ ತಟ್ಟೆ ಹಿಡಿದು ಬರುತ್ತಾರೆ. ಆ ತಟ್ಟೆಯನ್ನು ಕಣ್ಣ ಮುಂದೆ ಇಟ್ಟುಕೊಂಡು ಹೆಸರುಗಳನ್ನು ಸೂಚಿಸಿರಿ.

ಬಸವಾದಿ ಶಿವಶರಣರು ತಮಗೆಲ್ಲ ಸದ್ಬುದ್ಧಿಯನ್ನು ಕರುಣಿಸಲಿ. ಮಳೆ ಬೆಳೆ ಚೆನ್ನಾಗಿ ಆಗಲಿ. ಮನೆಮನೆಯಲ್ಲಿ ದಾಸೋಹ ನಡೆಯಲಿ. ಸರ್ವರಿಗೂ ಮಂಗಲವಾಗಲಿ ಎಂದು ಹರಸಿ ಇಂದಿನ ಮಾತುಗಳಿಗೆ ವಿರಾಮ ಕೊಡುತ್ತೇವೆ.